ರೆಕ್ಕೆಯಿದ್ದೂ ಹಾರದ ಚಿಟ್ಟೆ

ಕಳೆದ ಮಳೆಗಾಲದ ಒಂದು ಭಾನುವಾರ. ಎರಡನೇ ಪೂಜೆ ಮುಗಿದು ಜನ ದೇವಾಲಯದ ಅಂಗಳದಲ್ಲಿ ಮಾತಾಡುತ್ತಾ ನಿಂತಿದ್ದರು. ಜ್ಞಾನೋಪದೇಶದ ತರಗತಿಗೆ ಬರುವ ಹುಡುಗಿಯೊಬ್ಬಳು ರಟ್ಟಿನ ಡಬ್ಬಿಯೊಂದನ್ನು ಎದೆಗೆ ಅವಚಿಕೊಂಡು ನನ್ನ ಹತ್ತಿರ ಬಂದಳು. ಮುಚ್ಚಳ ತೆಗೆದರೆ ಒಳಗೆ ಆರು ಬಿಳಿ ರೇಷ್ಮೆ ಗೂಡುಗಳು. ನಾಲ್ಕಕ್ಕೆ ತೂತು ಬಿದ್ದಿತ್ತು. ಪಕ್ಕದಲ್ಲಿ ನಾಲ್ಕು ಚಿಟ್ಟೆಗಳು ಕುಳಿತಿದ್ದವು. ಡೆಂಕಣಿಕೋಟೆ ಕಡೆಯ ಅಜ್ಜಿಯ ಮನೆಯಿಂದ ಆಡಲಿಕ್ಕೆಂದು ಗೂಡು ತಂದಿದ್ದಳಂತೆ.

"ಫಾದರ್, ಎರಡು ದಿನದಿಂದ ಕಿಟಕಿ ತೆಗೆದೇ ಇಟ್ಟಿದ್ದೀನಿ. ಇವು ಹೋಗ್ತಾನೇ ಇಲ್ಲ. ಸಕ್ಕರೆ ನೀರು ಇಟ್ಟೆ, ಅದನ್ನೂ ಕುಡೀಲಿಲ್ಲ. ಇವಕ್ಕೆ ಹುಷಾರಿಲ್ವಾ?"

ಹುಷಾರಾಗಿಯೇ ಇವೆ, ಇವು ಹಾರುವುದೂ ಇಲ್ಲ, ತಿನ್ನುವುದೂ ಇಲ್ಲ ಎಂದು ಹೇಳಿದೆ. ಅವಳು ನಂಬಲಿಲ್ಲ. ರೆಕ್ಕೆ ಇರುವುದು ಮತ್ತೆ ಯಾತಕ್ಕೆ ಎಂದು ಕೇಳಿದಳು. ಆ ಪ್ರಶ್ನೆಗೆ ಅಂಗಳದಲ್ಲಿ ನಿಂತು ಕೊಟ್ಟ ಉತ್ತರ ನನಗೇ ಸಾಲದೆನಿಸಿತು. ಈ ಬರಹ ಅದರ ಮುಂದುವರಿಕೆ.

ನಾನು ಹುಟ್ಟಿದ್ದು ತಾಳವಾಡಿ ಸೀಮೆಯ ಒಂದು ಹಳ್ಳಿಯಲ್ಲಿ, ಹುಳ ಸಾಕುವ ಮನೆಯಲ್ಲಿ. ಹಾಗಿದ್ದೂ ರೇಷ್ಮೆ ಚಿಟ್ಟೆಯನ್ನು ನಾನು ಮೊದಲು ಕಂಡದ್ದು ಗುರುಮಠ ಸೇರಿದ ಮೇಲೆ ಎಂದರೆ ನಿಮಗೆ ಆಶ್ಚರ್ಯವಾದೀತು. ತಾಳವಾಡಿ, ಹೊಸೂರು, ಮಡಕಶಿರಾ ಕಡೆಯ ರೇಷ್ಮೆ ಮನೆಗಳ ಓದುಗರಿಗೆ ಮಾತ್ರ ಆಶ್ಚರ್ಯವಾಗದು. ಹುಳ ಸಾಕುವವರು ಚಿಟ್ಟೆ ಹೊರಬರುವ ಮೊದಲೇ ಗೂಡನ್ನು ಮಾರಿಬಿಡುತ್ತಾರೆ. ಕಾಸರಗೋಡು, ಗೋವೆ ಕಡೆಯ ನಮ್ಮ ಓದುಗರು ಹುಳವನ್ನೂ ನೋಡಿರಲಿಕ್ಕಿಲ್ಲ, ಸೀರೆಯನ್ನು ಮಾತ್ರ ನೋಡಿರುತ್ತಾರೆ. ಆದ್ದರಿಂದ ಚಿಟ್ಟೆಯಿಂದಲೇ ಆರಂಭಿಸುತ್ತೇನೆ.

ನೋಡಲು ಹೇಗಿರುತ್ತದೆ?

ನಮ್ಮ ಜನ ಚಿಟ್ಟೆ ಎಂದರೂ ಇದು ಪತಂಗದ ಜಾತಿ. 1758ರಲ್ಲಿ ಲಿನ್ನೇಯಸ್ ಇದಕ್ಕೆ ಇಟ್ಟ ಹೆಸರು ಬಾಂಬಿಕ್ಸ್ ಮೋರಿ. ಹಿಪ್ಪುನೇರಳೆಗೆ ಲ್ಯಾಟಿನ್ನಿನಲ್ಲಿ ಮೋರಸ್ ಎನ್ನುತ್ತಾರೆ, ಮೋರಿ ಬಂದದ್ದು ಅದರಿಂದ. ಮೈಯೆಲ್ಲ ಕೆನೆ ಬಿಳುಪು, ಹಿಟ್ಟು ಉದುರಿಸಿದಂತೆ ಮೃದುವಾದ ರೋಮ. ರೆಕ್ಕೆ ಬಿಡಿಸಿದರೆ ಈ ತುದಿಯಿಂದ ಆ ತುದಿಗೆ ನಾಲ್ಕೈದು ಸೆಂಟಿಮೀಟರ್. ರೆಕ್ಕೆಯ ಮೇಲೆ ಕಂಡೂ ಕಾಣದ ಕಂದು ಗೆರೆಗಳು. ತಲೆಯ ಮೇಲೆ ಬಾಚಣಿಗೆಯಂಥ ಎರಡು ಮೀಸೆಗಳು. ಹೆಣ್ಣಿನ ಹೊಟ್ಟೆ ದಪ್ಪ, ಮೊಟ್ಟೆ ತುಂಬಿ ನೆಲಕ್ಕೆ ತಾಗುವಂತಿರುತ್ತದೆ. ಗಂಡು ಸಣಕಲು, ಒಂದು ಕಡೆ ನಿಲ್ಲದು.

ಚಿಟ್ಟೆ ಹೊರಬರುವುದು ಸಾಮಾನ್ಯವಾಗಿ ಮುಂಜಾನೆ. ಗೂಡಿಗೆ ಬಾಗಿಲಿಲ್ಲ, ಚಿಟ್ಟೆಗೆ ಹಲ್ಲಿಲ್ಲ. ಬಾಯಿಂದ ಒಂದು ರಸ ಒಸರಿಸಿ ಗೂಡಿನ ಅಂಟನ್ನು ಕರಗಿಸುತ್ತದೆ, ಎಳೆಗಳು ಸಡಿಲವಾದ ಕಡೆ ತಲೆ ತೂರಿಸಿ ಹೊರಗೆ ತೆವಳುತ್ತದೆ. ಆಗ ರೆಕ್ಕೆಗಳು ಒದ್ದೆ ಬಟ್ಟೆಯಂತೆ ಮುದುಡಿರುತ್ತವೆ. ಸ್ವಲ್ಪ ಹೊತ್ತಿನಲ್ಲಿ ಹರಡಿ ಒಣಗುತ್ತವೆ. ಅಲ್ಲಿಗೆ ಆ ರೆಕ್ಕೆಗಳ ಬೆಳವಣಿಗೆ ಮುಗಿಯಿತು. ಪಟಪಟ ಬಡಿಯಬಲ್ಲವು, ಮೈಯನ್ನು ಮೇಲೆತ್ತಲಾರವು.

ಹೆಣ್ಣು ಕದಲದೆ ಕುಳಿತು ಬಾಲದ ತುದಿಯಿಂದ ಒಂದು ವಾಸನೆಯನ್ನು ಗಾಳಿಗೆ ಬಿಡುತ್ತದೆ. ನಮ್ಮ ಮೂಗಿಗೆ ಅದು ಏನೂ ಅಲ್ಲ. ಗಂಡಿನ ಮೀಸೆಗೆ ಅದರ ಲವಲೇಶ ತಾಗಿದರೆ ಸಾಕು, ರೆಕ್ಕೆ ಬಡಿಯುತ್ತಾ ಸುತ್ತು ಸುತ್ತಾಗಿ ನಡೆದು ಹೆಣ್ಣನ್ನು ಹುಡುಕುತ್ತದೆ. ಹಾರಲು ಬಾರದ ರೆಕ್ಕೆಗೆ ಉಳಿದಿರುವ ಕೆಲಸ ಇದೇ, ವಾಸನೆಯ ಗಾಳಿಯನ್ನು ತನ್ನತ್ತ ಬೀಸಿಕೊಳ್ಳುವುದು. ಆ ವಾಸನೆಯ ವಸ್ತು ಯಾವುದೆಂದು ತಿಳಿಯಲು ಜರ್ಮನಿಯ ರಸಾಯನ ವಿಜ್ಞಾನಿ ಅಡಾಲ್ಫ್ ಬ್ಯೂಟೆನಾಂಟ್ ಮತ್ತು ಸಂಗಡಿಗರು ಸುಮಾರು ಇಪ್ಪತ್ತು ವರ್ಷ ದುಡಿದರು. ಐದು ಲಕ್ಷದಷ್ಟು ಹೆಣ್ಣು ಚಿಟ್ಟೆಗಳಿಂದ ಅದನ್ನು ಸಂಗ್ರಹಿಸಿ 1959ರಲ್ಲಿ ಬಾಂಬಿಕಾಲ್ ಎಂಬ ಹೆಸರು ಕೊಟ್ಟರು. ಕೀಟಗಳು ಪರಸ್ಪರ ಕರೆಯಲು ಬಳಸುವ ವಾಸನೆಯೊಂದನ್ನು ಮನುಷ್ಯ ಗುರುತಿಸಿದ್ದು ಅದೇ ಮೊದಲು.

ಸಕ್ಕರೆ ನೀರಿನ ವಿಷಯ. ಚಿಟ್ಟೆಯಾದ ಮೇಲೆ ಇದರ ಬಾಯಿ ಉಣ್ಣುವುದಕ್ಕೆ ಉಪಯೋಗವಿಲ್ಲ. ಹುಳವಾಗಿದ್ದಾಗ ತಿಂದ ಸೊಪ್ಪಿನ ಶಕ್ತಿಯಲ್ಲೇ ಐದರಿಂದ ಹತ್ತು ದಿನ ಬದುಕಿ ಸಾಯುತ್ತದೆ.

ಕಾಡೇ ಇಲ್ಲದ ಜೀವಿ

ಇದರ ವಾಸಸ್ಥಳ ಯಾವುದು ಎಂದು ಕೇಳಿದರೆ, ಮನುಷ್ಯನ ಮನೆ ಎಂದೇ ಹೇಳಬೇಕು. ಯಾವ ದೇಶದ ಯಾವ ಕಾಡಿನಲ್ಲಿ ಹುಡುಕಿದರೂ ಬಾಂಬಿಕ್ಸ್ ಮೋರಿ ಸ್ವತಂತ್ರವಾಗಿ ಬದುಕಿರುವುದು ಸಿಗದು. ಇದರ ಕಾಡು ಸಂಬಂಧಿ, ಬಾಂಬಿಕ್ಸ್ ಮ್ಯಾಂಡರಿನಾ, ಚೀನಾ, ಕೊರಿಯಾ, ಜಪಾನುಗಳಲ್ಲಿ ಈಗಲೂ ಇದೆ. ಅದು ಕಂದು ಬಣ್ಣದ್ದು, ಚೆನ್ನಾಗಿ ಹಾರುತ್ತದೆ. ಚೀನಾದಲ್ಲಿ ಸುಮಾರು ಐದು ಸಾವಿರ ವರ್ಷಗಳ ಹಿಂದೆ ಅದರ ಪೂರ್ವಜರನ್ನು ಮನೆಗೆ ತಂದು, ದೊಡ್ಡ ಗೂಡು ಕಟ್ಟುವವನ್ನೇ, ಓಡಿಹೋಗದವನ್ನೇ ಆರಿಸಿ ಮರಿ ಮಾಡಿಸುತ್ತಾ ಬಂದರು. ಹಾಗೆ ಆರಿಸುತ್ತಾ ಆರಿಸುತ್ತಾ ಬಣ್ಣ ಹೋಯಿತು, ಹಾರಾಟ ಹೋಯಿತು. ಹುಳಕ್ಕೂ ಸೊಪ್ಪು ಹುಡುಕಿಕೊಂಡು ಹೋಗುವ ಬುದ್ಧಿ ಹೋಯಿತು. ತಟ್ಟೆಗೆ ಅಂಚು ಇಲ್ಲದಿದ್ದರೂ ರೇಷ್ಮೆ ಹುಳ ಇಳಿದು ಹೋಗುವುದಿಲ್ಲ, ಸೊಪ್ಪು ಬರುವವರೆಗೆ ತಲೆ ಎತ್ತಿ ಕಾಯುತ್ತದೆ. ಹಸು ಕುರಿಗಳಾದರೂ ಹಗ್ಗ ಬಿಚ್ಚಿದರೆ ನಾಲ್ಕು ದಿನ ಮೇಯ್ದುಕೊಂಡಾವು. ಇದು ಹಾಗಲ್ಲ.

ಚೀನಾದಿಂದ ಪಶ್ಚಿಮಕ್ಕೆ ಇದು ಹೋದ ಕತೆಯಲ್ಲಿ ಸನ್ಯಾಸಿಗಳಿದ್ದಾರೆ. ಸುಮಾರು ಕ್ರಿ.ಶ. 552ರಲ್ಲಿ ಭಾರತದ ಕಡೆಯಿಂದ ಬಂದ ಕೆಲವು ಸನ್ಯಾಸಿಗಳು ಕಾನ್‌ಸ್ಟಾಂಟಿನೋಪಲಿನ ಚಕ್ರವರ್ತಿ ಜಸ್ಟೀನಿಯನ್‌ಗೆ ರೇಷ್ಮೆ ಮೊಟ್ಟೆ ತಂದುಕೊಟ್ಟರೆಂದು ಆ ಕಾಲದ ಇತಿಹಾಸಕಾರ ಪ್ರೊಕೋಪಿಯಸ್ ಬರೆದಿದ್ದಾನೆ. ಕೈಕೋಲಿನ ಟೊಳ್ಳಿನಲ್ಲಿ ಬಚ್ಚಿಟ್ಟು ತಂದರೆಂಬುದು ನಂತರದವರು ಹೇಳಿದ ಮಾತು. ಇಷ್ಟು ದೂರ ತರಲು ಆಗುವುದು ಮೊಟ್ಟೆಯನ್ನು ಮಾತ್ರ, ಹುಳವನ್ನಾಗಲಿ ಚಿಟ್ಟೆಯನ್ನಾಗಲಿ ಅಲ್ಲ ಎಂಬುದು ಹುಳ ಸಾಕಿದ ಯಾರಿಗೂ ಗೊತ್ತು.

ಗುರುಮಠದಲ್ಲಿ ಆವಿಲಾದ ಸಂತ ತೆರೇಸಾರ 'ಆಂತರಿಕ ಕೋಟೆ' ಓದುವಾಗ ನಾನೊಂದು ತಪ್ಪು ಮಾಡಿದೆ. 1577ರ ಆ ಕೃತಿಯ ಐದನೇ ಭಾಗದಲ್ಲಿ ಸಂತರು ಆತ್ಮವನ್ನು ರೇಷ್ಮೆ ಹುಳಕ್ಕೆ ಹೋಲಿಸುತ್ತಾರೆ. ಹುಳ ಗೂಡು ಕಟ್ಟಿ ಸಾಯುತ್ತದೆ, ಬಿಳಿ ಚಿಟ್ಟೆಯೊಂದು ಹೊರಬರುತ್ತದೆ, ಅದಕ್ಕೆ ಇನ್ನು ಭೂಮಿಯ ಮೇಲೆ ಎಲ್ಲೂ ನೆಮ್ಮದಿಯಿಲ್ಲ, ಹಾರುತ್ತಲೇ ಇರುತ್ತದೆ. ನಾನು ಎದ್ದುನಿಂತು, "ಫಾದರ್, ಆ ಚಿಟ್ಟೆ ಹಾರುವುದಿಲ್ಲ" ಎಂದುಬಿಟ್ಟೆ. ತರಗತಿಯೆಲ್ಲ ನಕ್ಕಿತು. ನಮ್ಮ ಗುರುಗಳು ನಗದೆ ಅದರ ಹಿಂದಿನ ಪುಟ ತಿರುವಿ ತೋರಿಸಿದರು. ತಾನು ಇದನ್ನು ಕಣ್ಣಾರೆ ಕಂಡಿಲ್ಲ, ಕೇಳಿ ಬರೆಯುತ್ತಿದ್ದೇನೆ, ತಪ್ಪಿದ್ದರೆ ತನ್ನ ಹೊಣೆಯಲ್ಲ ಎಂದು ತೆರೇಸಾ ಅಲ್ಲೇ ಹೇಳಿಕೊಂಡಿದ್ದಾರೆ. ಅಷ್ಟು ದೊಡ್ಡ ಸಂತರು ಅಷ್ಟು ಸರಳವಾಗಿ ಒಪ್ಪಿಕೊಂಡದ್ದು ನನಗೆ ಆ ಹೋಲಿಕೆಗಿಂತ ಹೆಚ್ಚಾಗಿ ನೆನಪಿನಲ್ಲಿ ಉಳಿಯಿತು.

ಮೊಟ್ಟೆಯಿಂದ ಗೂಡಿನವರೆಗೆ

ಒಂದು ಹೆಣ್ಣು ಚಿಟ್ಟೆ ಒಂದು ದಿನದಲ್ಲಿ ನಾನೂರರಿಂದ ಆರುನೂರು ಮೊಟ್ಟೆ ಇಡುತ್ತದೆ. ಪ್ರತಿಯೊಂದೂ ಗುಂಡುಸೂಜಿಯ ತಲೆಯಷ್ಟು. ನಮ್ಮ ಕಡೆ "ನೂರು ಮೊಟ್ಟೆ ಮೇಯಿಸ್ತಾ ಇದ್ದೀನಿ" ಎಂದರೆ ನೂರು ಹುಳ ಎಂದು ತಿಳಿಯಬೇಡಿ, ನೂರು ತಾಯಿ ಚಿಟ್ಟೆಗಳು ಇಟ್ಟ ಮೊಟ್ಟೆ, ಅಂದರೆ ನಲವತ್ತು ಐವತ್ತು ಸಾವಿರ ಹುಳ. ಮನೆಗೆ ಹೊಸದಾಗಿ ಬಂದ ಸೊಸೆಯಂದಿರು ಈ ಲೆಕ್ಕ ಕೇಳಿ ಬೆಚ್ಚಿದ್ದನ್ನು ನಾನು ನೋಡಿದ್ದೇನೆ.

ನಮ್ಮ ಹಳೆಯ ಮೈಸೂರು ತಳಿಯ ಮೊಟ್ಟೆ ಹಳದಿಯಾಗಿಯೇ ಇದ್ದು ಹತ್ತು ದಿನಕ್ಕೆ ಒಡೆಯುತ್ತದೆ. ವರ್ಷದುದ್ದಕ್ಕೂ ಬೆಳೆ ಮೇಲೆ ಬೆಳೆ ತೆಗೆಯಬಹುದು. ಬಿಳಿ ಗೂಡಿನ ದ್ವಿತಳಿಯ ಮೊಟ್ಟೆ ಹಾಗಲ್ಲ, ಎರಡು ಮೂರು ದಿನದಲ್ಲಿ ಬೂದಿ ಬಣ್ಣಕ್ಕೆ ತಿರುಗಿ ನಿದ್ದೆ ಹೋಗುತ್ತದೆ. ಚಳಿ ಕಳೆಯದೆ ಏಳುವುದಿಲ್ಲ. ಬೇಗ ಎಬ್ಬಿಸಬೇಕಾದರೆ ಬಿತ್ತನೆ ಕೋಠಿಯಲ್ಲಿ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಅದ್ದಿ ಎಬ್ಬಿಸುತ್ತಾರೆ.

ಒಡೆದ ಹುಳ ಇರುವೆಯಷ್ಟು, ಮೂರು ಮಿಲಿಮೀಟರ್. ಇಪ್ಪತ್ತೈದು ದಿನ ಆಚೀಚೆ ಆಗುವ ಹೊತ್ತಿಗೆ ಹೆಬ್ಬೆರಳಿಗಿಂತ ಉದ್ದ, ತೂಕ ಹತ್ತು ಸಾವಿರ ಪಟ್ಟು. ಚರ್ಮ ಅಷ್ಟು ಹಿಗ್ಗಲಾರದು, ಆದ್ದರಿಂದ ನಾಲ್ಕು ಸಲ ಪೊರೆ ಬಿಡುತ್ತದೆ. ಪ್ರತಿ ಸಲವೂ ಸುಮಾರು ಒಂದು ದಿನ ಸೊಪ್ಪು ಮುಟ್ಟದೆ, ತಲೆ ಎತ್ತಿ, ಅಲ್ಲಾಡದೆ ನಿಲ್ಲುತ್ತದೆ. ಇದಕ್ಕೆ ನಮ್ಮವರು ಇಟ್ಟ ಹೆಸರು ಜ್ವರ. ಒಂದನೇ ಜ್ವರ, ಎರಡನೇ ಜ್ವರ ಎಂದೇ ಬೆಳೆಯ ದಿನಗಳನ್ನು ಎಣಿಸುತ್ತಾರೆ. ಜ್ವರದಲ್ಲಿರುವ ಹುಳದ ಮನೆಯಲ್ಲಿ ಜೋರಾಗಿ ಮಾತಾಡಲೂ ನಮ್ಮವ್ವ ಬಿಡುತ್ತಿರಲಿಲ್ಲ. ಕೀಟಶಾಸ್ತ್ರಜ್ಞರು ನಕ್ಕಾರು, ಆದರೆ ಆ ಶಿಸ್ತಿನಿಂದ ನಮಗೆ ನಷ್ಟವೇನೂ ಆಗಲಿಲ್ಲ.

ನಾಲ್ಕನೇ ಜ್ವರ ಎದ್ದ ಮೇಲಿನ ವಾರವೇ ದೊಡ್ಡ ಮೇವು. ಇಡೀ ಬೆಳೆಯ ಸೊಪ್ಪಿನಲ್ಲಿ ಐದರಲ್ಲಿ ನಾಲ್ಕು ಪಾಲಿಗೂ ಹೆಚ್ಚು ಆ ಒಂದೇ ವಾರಕ್ಕೆ ಬೇಕು. ರಾತ್ರಿ ಮಲಗಿದರೆ ಹುಳ ಸೊಪ್ಪು ಕತ್ತರಿಸುವ ಸದ್ದು ಹೆಂಚಿನ ಮೇಲೆ ಸಣ್ಣ ಮಳೆ ಬಿದ್ದಂತೆ ಕೇಳುತ್ತಿತ್ತು. ನಾವು ಮಕ್ಕಳು ಅದೇ ಕೋಣೆಯಲ್ಲಿ, ತಟ್ಟೆಗಳ ಸ್ಟ್ಯಾಂಡಿನ ಪಕ್ಕ ಮಲಗಿ ಬೆಳೆದವರು. ಈಗ ಹುಳಕ್ಕೆ ಬೇರೆ ಮನೆ ಕಟ್ಟುತ್ತಾರೆ, ಎಷ್ಟೋ ರೈತರು ಎರಡನೇ ಜ್ವರ ಕಳೆದ ಮರಿಗಳನ್ನೇ ಚಾಕಿ ಕೇಂದ್ರದಿಂದ ತರುತ್ತಾರೆ. ಚಿಟ್ಟೆ ಹೋಗಲಿ, ಅವರ ಮಕ್ಕಳು ಮೊಟ್ಟೆಯನ್ನೂ ನೋಡುವುದಿಲ್ಲ.

ಹಣ್ಣಾದ ಹುಳ ಮೇವು ಬಿಟ್ಟು ಮೈ ಪಾರದರ್ಶಕವಾಗಿ ತಲೆ ತೂಗತೊಡಗುತ್ತದೆ. ಅದನ್ನು ಆರಿಸಿ ಚಂದ್ರಿಕೆಗೆ ಬಿಡಬೇಕು. ಎರಡು ಮೂರು ದಿನ ಬಿಡುವಿಲ್ಲದೆ ತಲೆಯನ್ನು ಅತ್ತಿತ್ತ ತಿರುಗಿಸುತ್ತಾ ತನ್ನ ಸುತ್ತ ಒಂದೇ ಎಳೆಯನ್ನು ಸುತ್ತಿಕೊಳ್ಳುತ್ತದೆ. ಹಳೆಯ ಮೈಸೂರು ತಳಿಯಲ್ಲಿ ಆ ಎಳೆ ಮುನ್ನೂರೈವತ್ತು ನಾನೂರು ಮೀಟರ್, ದ್ವಿತಳಿಯಲ್ಲಿ ಒಂದು ಕಿಲೋಮೀಟರಿಗೂ ಹೆಚ್ಚು. ಒಳಗೆ ಹುಳ ಕೋಶವಾಗಿ, ಹತ್ತು ಹನ್ನೆರಡು ದಿನದಲ್ಲಿ ಚಿಟ್ಟೆಯಾಗುತ್ತದೆ. ಆದರೆ ಚಿಟ್ಟೆ ತೂತು ಮಾಡಿದರೆ ಆ ಒಂದೇ ಎಳೆ ನೂರು ತುಂಡು. ಆದ್ದರಿಂದ ಐದಾರು ದಿನಕ್ಕೇ ಗೂಡು ಬಿಡಿಸಿ ರಾಮನಗರದಂಥ ಮಾರುಕಟ್ಟೆಗೆ ಒಯ್ಯುತ್ತಾರೆ. ನೂಲು ಬಿಚ್ಚುವವರು ಬಿಸಿಗೆ ಒಡ್ಡಿ, ಕುದಿವ ನೀರಿನಲ್ಲಿ ಬೇಯಿಸುತ್ತಾರೆ.

ಹುಡುಗಿ ಇದನ್ನೂ ಕೇಳಿದಳು. "ಅಜ್ಜಿ ಮನೇಲಿ ಉಳಿದ ಗೂಡಿನ ಚಿಟ್ಟೆಗಳು ಏನಾದವು?" ನಾನು ಸುತ್ತುಬಳಸದೆ ಹೇಳಿದೆ. ಅವಳು ನನ್ನ ಮುಖವನ್ನೇ ನೋಡಿದಳು. ಈಸ್ಟರ್ ದಿನ ನಾನು ಧರಿಸುವ ಬಿಳಿ ಪೂಜಾವಸ್ತ್ರವೂ ರೇಷ್ಮೆಯದೇ. ಒಂದು ಕಿಲೋ ನೂಲಿಗೆ ಸುಮಾರು ಏಳು ಕಿಲೋ ಗೂಡು ಬೇಕು, ಕಿಲೋಗೆ ಆರೇಳು ನೂರು ಗೂಡು. ಲೆಕ್ಕ ಹಾಕಿದರೆ ಸುಲಭವಾದ ಉತ್ತರ ನನ್ನಲ್ಲಿಲ್ಲ. ನಮ್ಮ ಮನೆಯಲ್ಲಿ ನಾಲ್ಕು ಮಕ್ಕಳು ಓದಿದ್ದು ಆ ಗೂಡಿನ ದುಡ್ಡಿನಲ್ಲೇ ಎಂಬುದನ್ನೂ ಮರೆಯಲಾರೆ.

ತಾಯಿ ಚಿಟ್ಟೆಯ ಪರೀಕ್ಷೆ

1991ರಲ್ಲಿ ನಾನು ಐದನೇ ತರಗತಿ. ಆ ಸಲ ಅಪ್ಪ ಎಂದಿನಂತೆ ಸರ್ಕಾರಿ ಕೋಠಿಯಿಂದ ಮೊಟ್ಟೆ ತರಲಿಲ್ಲ. ಊರಿಗೆ ಬಂದಿದ್ದ ಒಬ್ಬ ವ್ಯಾಪಾರಿ ಅರ್ಧ ಬೆಲೆಗೆ ಕೊಡುತ್ತೇನೆ ಎಂದಿದ್ದ. ಎರಡನೇ ಜ್ವರದವರೆಗೆ ಏನೂ ಕಾಣಲಿಲ್ಲ. ಮೂರನೇ ಜ್ವರ ಏಳುವಾಗ ಹುಳಗಳಲ್ಲಿ ದೊಡ್ಡದು, ಚಿಕ್ಕದು, ಅತಿ ಚಿಕ್ಕದು ಎಂಬ ಭೇದ ಬಂತು. ಅಪ್ಪ ಲಾಟೀನು ಹಿಡಿದು ನೋಡಿ, "ಹುಳ ಸಮಕ್ಕಿಲ್ಲ ಕನಮ್ಮಿ" ಎಂದು ಅವ್ವನಿಗೆ ಹೇಳಿದ್ದು ನೆನಪಿದೆ. ಆಮೇಲೆ ಮೈಮೇಲೆ ಕರಿಮೆಣಸಿನ ಪುಡಿ ಉದುರಿದಂತೆ ಚುಕ್ಕೆ. ರೇಷ್ಮೆ ಇಲಾಖೆಯವರು ಬಂದು ಗಂಟುರೋಗ ಎಂದರು. ತಟ್ಟೆ ತಟ್ಟೆಯನ್ನೇ ಗುಂಡಿಗೆ ಸುರಿದು ಸುಣ್ಣ ಹಾಕಿ ಮುಚ್ಚಿದೆವು. ಸೊಪ್ಪಿಗೆ ಗೊಬ್ಬರ ಹಾಕಲು ಮಾಡಿದ್ದ ಸಾಲಕ್ಕೆ ಅವ್ವನ ಓಲೆ ಹೋಯಿತು.

ಈ ಗಂಟುರೋಗದ ಹೆಸರು ಪುಸ್ತಕಗಳಲ್ಲಿ ಪೆಬ್ರಿನ್. ದಕ್ಷಿಣ ಫ್ರಾನ್ಸಿನ ರೈತರ ಮಾತಿನಲ್ಲಿ ಮೆಣಸು ಎಂಬ ಪದದಿಂದ ಬಂದದ್ದು. ಅವರಿಗೂ ನಮ್ಮಪ್ಪನಿಗೂ ಕಂಡದ್ದು ಒಂದೇ. 1860ರ ಹೊತ್ತಿಗೆ ಈ ರೋಗ ಅಲ್ಲಿನ ರೇಷ್ಮೆ ಹಳ್ಳಿಗಳನ್ನು ಹಾಳುಮಾಡಿತ್ತು. 1865ರಲ್ಲಿ ಅಲೆಸ್ ಎಂಬ ಊರಿಗೆ ಲೂಯಿ ಪಾಶ್ಚರ್ ಅವರನ್ನು ಕಳಿಸಿದರು. ಅವರು ಅಲ್ಲಿಯವರೆಗೆ ರೇಷ್ಮೆ ಹುಳವನ್ನು ಮುಟ್ಟಿದವರಲ್ಲ. ಕೀಟಗಳ ಬಗ್ಗೆ ಬರೆದು ಹೆಸರಾದ ಫಾಬ್ರ್ ಅವರ ಮನೆಗೆ ಹೋಗಿ ಗೂಡೊಂದನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೇನೋ ಇದೆಯಲ್ಲ ಎಂದು ಬೆರಗಾದರಂತೆ. ಇಷ್ಟೂ ತಿಳಿಯದವರು ರೋಗ ಹೇಗೆ ಕಂಡುಹಿಡಿದಾರು ಎಂದು ಫಾಬ್ರ್ ಅವರಿಗೆ ಅಚ್ಚರಿ.

ಆ ವರ್ಷಗಳು ಪಾಶ್ಚರ್ ಮನೆಗೆ ಕಠಿಣವಾದವು. 1865ರಲ್ಲಿ ತಂದೆ ತೀರಿಕೊಂಡರು, ಅದೇ ವರ್ಷ ಎರಡು ವರ್ಷದ ಮಗಳು ಕಮೀಲ್, ಮರುವರ್ಷ ಹನ್ನೆರಡರ ಸೆಸೀಲ್. 1868ರಲ್ಲಿ ಅವರಿಗೇ ಲಕ್ವ ಹೊಡೆದು ಎಡಭಾಗ ಸೋತಿತು. ಪತ್ನಿ ಮರಿ ಮತ್ತು ಶಿಷ್ಯರು ಹುಳ ಸಾಕಿದರು, ಪಾಶ್ಚರ್ ಕೆಲಸ ಬಿಡಲಿಲ್ಲ. ರೋಗದ ಹುಳದೊಳಗಿನ ಹೊಳೆಯುವ ಕಣಗಳನ್ನು ಇಟಲಿಯವರು ಮೊದಲೇ ನೋಡಿದ್ದರು. ಅವೇ ರೋಗದ ಕಾರಣ ಎಂದು ಪಾಶ್ಚರ್ ಕೂಡ ಮೊದಲಿಗೆ ನಂಬಿರಲಿಲ್ಲ, ನಂತರ ಅಭಿಪ್ರಾಯ ತಿದ್ದಿಕೊಂಡರು. ರೋಗ ತಾಯಿ ಚಿಟ್ಟೆಯಿಂದ ಮೊಟ್ಟೆಯೊಳಗೇ ಇಳಿಯುತ್ತದೆ ಎಂಬುದು ಸ್ಪಷ್ಟವಾದ ಮೇಲೆ ಅವರು ಹೇಳಿದ ಉಪಾಯ ಇಷ್ಟೇ: ಪ್ರತಿ ಹೆಣ್ಣು ಚಿಟ್ಟೆಯನ್ನೂ ಬೇರೆ ಬೇರೆಯಾಗಿ ಮೊಟ್ಟೆ ಇಡಿಸು, ನಂತರ ಅದನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡು, ಕಣ ಕಂಡರೆ ಅದರ ಮೊಟ್ಟೆಯನ್ನು ಸುಡು.

ಗುರುಮಠದ ರಜೆಯಲ್ಲಿ ಪರಿಚಯದವರೊಬ್ಬರ ಜೊತೆ ಬಿತ್ತನೆ ಕೋಠಿಯೊಂದಕ್ಕೆ ಹೋದಾಗ ಇದನ್ನೇ ನೋಡಿದೆ. ಕತ್ತಲ ಕೋಣೆ, ಸಾವಿರಾರು ಬಿಳಿ ಚಿಟ್ಟೆಗಳ ರೆಕ್ಕೆ ಸದ್ದು. ಮೂರು ನಾಲ್ಕು ಗಂಟೆ ಕೂಡಲು ಬಿಟ್ಟು ಜೋಡಿ ಬಿಡಿಸುತ್ತಾರೆ. ಗಂಡುಗಳನ್ನು ಮರುದಿನಕ್ಕೆಂದು ತಂಪು ಪೆಟ್ಟಿಗೆಯಲ್ಲಿ ಇಡುತ್ತಾರೆ. ಹೆಣ್ಣು ಹಾಳೆಯ ಮೇಲೆ ಮೊಟ್ಟೆ ಇಟ್ಟು ಮುಗಿಸಿದ ಮೇಲೆ ಅದನ್ನು ಕ್ಷಾರದ ನೀರು ಹಾಕಿ ಅರೆದು ಒಂದು ತೊಟ್ಟನ್ನು ಗಾಜಿಗೆ ಹಚ್ಚುತ್ತಾರೆ. ಅಲ್ಲಿ ಕುಳಿತಿದ್ದ ಹೆಂಗಸು ನನ್ನನ್ನು ಕರೆದು ಮಾದರಿಗೆಂದು ಇಟ್ಟಿದ್ದ ರೋಗದ ಗಾಜನ್ನು ತೋರಿಸಿದರು. ಸಣ್ಣ ಅಕ್ಕಿ ಕಾಳಿನಂಥ ಹೊಳೆಯುವ ಬೀಜಾಣುಗಳು. ಹತ್ತು ವರ್ಷದ ಹಿಂದೆ ನಮ್ಮ ಮನೆ ಬೆಳೆಯನ್ನು ತಿಂದದ್ದನ್ನು ನಾನು ಅವತ್ತು ಕಣ್ಣಾರೆ ಕಂಡೆ. ಆ ವ್ಯಾಪಾರಿ ತಾಯಿ ಚಿಟ್ಟೆಗಳನ್ನು ಅರೆದು ನೋಡಿರಲಿಲ್ಲ, ಅಷ್ಟೆ. 2006ರಲ್ಲಿ ಕೇಂದ್ರ ರೇಷ್ಮೆ ಮಂಡಳಿ ಕಾಯ್ದೆಗೆ ತಿದ್ದುಪಡಿ ತಂದು ಬಿತ್ತನೆ ಮೊಟ್ಟೆಯ ಗುಣಮಟ್ಟವನ್ನು ಕಾನೂನಿನ ಹಿಡಿತಕ್ಕೆ ತಂದಿದ್ದಾರೆ. ಆದ್ದರಿಂದ ರೇಷ್ಮೆ ಮನೆಯವರೇ, ಅಗ್ಗಕ್ಕೆ ಸಿಕ್ಕಿತೆಂದು ಪರೀಕ್ಷೆಯಾಗದ ಮೊಟ್ಟೆಯನ್ನೋ ಚಾಕಿ ಮರಿಯನ್ನೋ ತರಬೇಡಿ. ರೋಗ ನಿಮ್ಮ ಮನೆಯಲ್ಲೇ ನಿಲ್ಲುವುದಿಲ್ಲ, ನೆರೆಯವರ ತಟ್ಟೆಗೂ ಹೋಗುತ್ತದೆ.

ಹೊಸೂರಿನಲ್ಲಿ 1990ರಿಂದ ಕೇಂದ್ರ ರೇಷ್ಮೆ ಮಂಡಳಿಯ ತಳಿ ಸಂಗ್ರಹ ಕೇಂದ್ರವಿದೆ. ಅಲ್ಲಿ ನೂರಾರು ರೇಷ್ಮೆ ತಳಿಗಳನ್ನು ಉಳಿಸಿಕೊಂಡು ಬರುತ್ತಿದ್ದಾರೆ. ರಾಗಿ ಬೀಜದಂತೆ ಕಣಜದಲ್ಲಿ ಹಾಕಿಡಲು ಬರುವುದಿಲ್ಲ. ಬಿಳಿ ಗೂಡಿನ ತಳಿಗಳನ್ನು ವರ್ಷಕ್ಕೊಮ್ಮೆ, ನಮ್ಮ ಮೈಸೂರು ತಳಿಯಂಥವನ್ನು ವರ್ಷದಲ್ಲಿ ಹಲವು ಸಲ, ಹುಳ ಮಾಡಿ, ಗೂಡು ಕಟ್ಟಿಸಿ, ಚಿಟ್ಟೆಯಾಗಿಸಿ, ಮತ್ತೆ ಮೊಟ್ಟೆ ಇಡಿಸಬೇಕು. ಒಂದು ಸಲ ತಪ್ಪಿದರೆ ಆ ತಳಿ ಮತ್ತೆ ಇಲ್ಲ.

ಮುಂದಿನ ಭಾನುವಾರ ಹುಡುಗಿ ಮತ್ತೆ ಡಬ್ಬಿ ತಂದಳು. ಎರಡು ಹೆಣ್ಣು ಚಿಟ್ಟೆ ಸತ್ತಿದ್ದವು, ರಟ್ಟಿನ ತಳದಲ್ಲಿ ಮೊಟ್ಟೆಯ ಎರಡು ತೇಪೆ. ಅವನ್ನು ಅಜ್ಜಿಯ ಮನೆಗೆ ಒಯ್ಯುತ್ತೇನೆ, ಅಜ್ಜಿಗೆ ಮೊಟ್ಟೆಯ ದುಡ್ಡು ಉಳಿಯುತ್ತದೆ ಎಂದಳು. ಬೇಡ ಎಂದೆ. ಯಾಕೆಂದು ಕೇಳಿದಾಗ ಅವ್ವನ ಓಲೆಯ ಕತೆ ಹೇಳಿದೆ. ಸತ್ತ ಚಿಟ್ಟೆಗಳನ್ನು ಕಾಗದದಲ್ಲಿ ಕಟ್ಟಿ ಕೋಠಿಯ ಪರಿಚಯದವರಿಗೆ ಕಳಿಸಿದೆವು. ಬೀಜಾಣು ಇಲ್ಲ ಎಂದು ನಾಲ್ಕು ದಿನದಲ್ಲಿ ಫೋನ್ ಬಂತು. ಅಷ್ಟಾದರೂ ಅವು ಅಜ್ಜಿಯ ಮನೆಗೆ ಹೋಗುವುದಿಲ್ಲ. ಒಡೆದರೆ ನಮ್ಮ ಗುರುನಿವಾಸದ ಹಿಂದಿರುವ ಒಂದೇ ಹಿಪ್ಪುನೇರಳೆ ಗಿಡದ ಸೊಪ್ಪಿಗೆ ಆಗುವಷ್ಟನ್ನು ಮಾತ್ರ ಸಾಕುವುದೆಂದು ಮಾತಾಗಿದೆ.

ಮೊಟ್ಟೆ ಈಗ ಬೂದಿ ಬಣ್ಣಕ್ಕೆ ತಿರುಗಿವೆ. ಹೊಸೂರಿನ ಡಿಸೆಂಬರ್ ಚಳಿ ಅವಕ್ಕೆ ಸಾಕಾಗುತ್ತದೆಯೋ ಇಲ್ಲವೋ. ಮನೆಯ ಫ್ರಿಜ್ಜಿನಲ್ಲಿ ಇಡಲೇ ಎಂದು ಕೇಳಿದ್ದಾಳೆ. ಅವಳ ಅಮ್ಮ ಇನ್ನೂ ಒಪ್ಪಿಲ್ಲ.